ಒರಳಿನ ಗುಂಡು ಕೊಟ್ಟ ಅಪ್ಪಣೆ

ಮದುವೆಯಾಗಿ ಬಂದಾಗಿನಿಂದ ನಾನು ಅಕ್ಕಿ ರುಬ್ಬಿದ ಒರಳಿನ ಗುಂಡು ಒಂದು ದಿನ ಮರ ಕಡಿಯುವುದಕ್ಕೆ ಅಪ್ಪಣೆ ಕೊಟ್ಟಿತು. ಹೀಗೆ ಬರೆದರೆ ಮುದುಕಿಗೆ ಅರಳುಮರಳು ಎನ್ನುತ್ತೀರಿ. ಅನ್ನಿ. ಊರಿನ ಅರ್ಧ ಜನ ಅಂದಾಗಿದೆ. ಆ ಅಪ್ಪಣೆಯ ಸುದ್ದಿ ಕಿವಿಗೆ ಬಿದ್ದ ದಿನ ಕೈಯಲ್ಲಿದ್ದ ಬುಟ್ಟಿಯನ್ನು ಎಲ್ಲಿ ಇಡಬೇಕು ಎಂಬುದೇ ನನಗೆ ತೋಚಲಿಲ್ಲ. ಅದಕ್ಕೇ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನನ್ನ ತವರು ಶಿಕಾರಿಪುರದ ಬಯಲು ಕಡೆ. ಮಂಡಕ್ಕಿ ಭಟ್ಟಿಯ ಬಿಸಿಯಲ್ಲಿ ಬೆಳೆದವಳು. ಕೊಟ್ಟದ್ದು ಸೊರಬದ ದಾರಿಯಲ್ಲಿರುವ ಈ ಪೇಟೆಗೆ. ಪೇಟೆಯ ಹೆಸರು ಬರೆಯುವುದಿಲ್ಲ. ಇಲ್ಲಿರುವವರೆಲ್ಲ ನಾಳೆ ನನ್ನ ಹೆಣ ಹೊರಬೇಕಾದವರು. ಗಂಡ ಹಮಾಲಿ ಮಾಡುತ್ತಿದ್ದ, ಹೋದ. ನಾನು ಊರ ಆಟದ ಬಯಲಿನ ಗೇಟಿನ ಹತ್ತಿರ ಮಂಡಕ್ಕಿ, ಮೆಣಸಿನಕಾಯಿ ಮಾರಿಕೊಂಡು ಮಕ್ಕಳನ್ನು ಸಾಕಿದೆ. ಗೇಟು ಎಂದರೆ ಎರಡು ಕಲ್ಲುಕಂಬ, ಅಷ್ಟೇ. ಬಾಗಿಲು ಯಾವ ಕಾಲದಲ್ಲೋ ಯಾರ ಮನೆಗೋ ಹೋಗಿದೆ. ಬಯಲಿನ ಒಂದು ಮಗ್ಗುಲಿಗೆ ಕೆರೆ, ಎರಡು ಮಗ್ಗುಲಿಗೆ ಮನೆಗಳ ಹಿತ್ತಿಲ ಗೋಡೆ, ರಸ್ತೆಯ ಮಗ್ಗುಲಿಗೆ ಆಳದ ಚರಂಡಿ. ಎತ್ತಿನ ಗಾಡಿ ಇರಲಿ, ಲಾರಿ ಇರಲಿ, ಒಳಗೆ ಹೋಗಬೇಕಾದರೆ ನನ್ನ ಬುಟ್ಟಿಯ ಮುಂದೆಯೇ ಹೋಗಬೇಕು.

ಕೆರೆಯ ಅಂಚಿಗೆ ಸಾಲಾಗಿ ಮಳೆಮರಗಳಿವೆ. ನಡುವಿನ ಮರ ಎಲ್ಲಕ್ಕಿಂತ ದೊಡ್ಡದು. ದೊಡ್ಡದಿತ್ತು. ಮುಂಗಾರು ಹಿಡಿಯಿತು ಎಂದರೆ ಆ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಕರಿ ಕೊಕ್ಕಿನ ದೊಡ್ಡ ಬಿಳಿ ಹಕ್ಕಿ, ಇನ್ನೂ ಏನೇನೋ ಬಂದು ಗೂಡು ಕಟ್ಟುತ್ತವೆ. ಅವುಗಳ ಹೆಸರು ಗೊತ್ತಿರುವವರಿದ್ದಾರೆ, ನನಗೆ ಬೇಕಿಲ್ಲ. ಎಲೆ ಕಾಣದಷ್ಟು ಹಕ್ಕಿ ಕೂರುತ್ತಿದ್ದವು ಎಂದರೆ ಸಾಕು.

ಹಕ್ಕಿಗಳ ಮೇಲೆ ನನಗೆ ಪ್ರೀತಿ ಅಂತ ಏನೂ ಇಲ್ಲ. ಮಳೆಗಾಲ ಪೂರ್ತಿ ಮೀನಿನ ನಾತ. ಆ ದಿಕ್ಕಿಗೆ ಸೀರೆ ಒಣಹಾಕುವಂತಿಲ್ಲ. ಹಗಲೆಲ್ಲ ಜಗಳ ಆಡುವ ದನಿ, ನಲ್ಲಿಯ ಮುಂದೆ ಕೊಡ ಹಿಡಿದು ನಿಂತ ಹೆಂಗಸರ ಹಾಗೆ. ಒಮ್ಮೆ ಹಾರಿ ಹೋಗುವ ಹಕ್ಕಿಯ ಬಾಯಿಂದ ಮೀನೊಂದು ಜಾರಿ ನನ್ನ ಮಂಡಕ್ಕಿ ಬುಟ್ಟಿಗೇ ಬಿದ್ದು ವ್ಯಾಪಾರ ಹಾಳಾಯಿತು. ಆದರೆ ಒಂದು ಮಾತಿದೆ. ಬಾಣಂತಿ ಇರುವ ಮನೆಯಿಂದ ಯಾರನ್ನೂ ಎಬ್ಬಿಸುವುದಿಲ್ಲ. ನನಗೆ ದೊಡ್ಡ ಮಗ ಹುಟ್ಟಿದ ಸಮಯದಲ್ಲಿ, ಮನೆ ಖಾಲಿ ಮಾಡಿ ಎನ್ನಲು ಬಂದ ಮಾಲೀಕ ಸಾಂಬ್ರಾಣಿ ಹೊಗೆಯ ವಾಸನೆ ಹಿಡಿದು, ಹೊಸ್ತಿಲಿಂದಲೇ ಬಾಯಿ ಬಿಡದೆ ವಾಪಸು ಹೋದ. ಕೆಟ್ಟ ಮನುಷ್ಯ ಅವನು. ಆದರೂ ಹೋದ. ಮಳೆಗಾಲದಲ್ಲಿ ಆ ಮರಗಳೂ ಬಾಣಂತಿ ಮನೆಗಳೇ. ನನ್ನ ಲೆಕ್ಕ ಇಷ್ಟೇ.

ಹೋದ ವರ್ಷದ ಹಿಂದಿನ ಬೇಸಿಗೆಯಲ್ಲಿ ಗುತ್ತಿಗೆದಾರನೊಬ್ಬ ಗೇಟಿನ ಕಂಬಗಳಿಗೆ ದೊಡ್ಡ ಫ್ಲೆಕ್ಸ್ ಕಟ್ಟಿಸಿದ, ಬಯಲಲ್ಲಿ ಏಳಲಿರುವ ಕಟ್ಟಡದ ಚಿತ್ರ. ಕೆಳಗೆ ಅಂಗಡಿಗಳು, ಮೇಲೆ ಮದುವೆ ಹಾಲ್, ಮುಂದೆ ಕಾರು ನಿಲ್ಲುವ ಜಾಗ. ಚಿತ್ರದಲ್ಲಿ ಕೆರೆ ಇತ್ತು, ನೀಲಿ ಬಣ್ಣದ್ದು. ಮರ ಇರಲಿಲ್ಲ. ಮರ ಇರಬೇಕಾದ ಕಡೆ ಕೋಟು ಹಾಕಿದ ಗಂಡ ಹೆಂಡತಿ ಬಿಳಿ ನಾಯಿಯೊಂದನ್ನು ಹಿಡಿದು ನಿಂತಿದ್ದರು. ಅಂಥ ಗಂಡ ಹೆಂಡತಿಯನ್ನು ನಾನು ಈ ಪೇಟೆಯಲ್ಲಿ ಈವರೆಗೆ ಕಂಡಿಲ್ಲ, ನಾಯಿಯನ್ನೂ ಕಂಡಿಲ್ಲ. ಮಾರನೆಯ ದಿನ ಮರಗಳ ಬೊಡ್ಡೆಗೆ ಕೆಂಪು ಬಣ್ಣದ ಗುರುತು ಬಿತ್ತು.

ಬೆಳಗ್ಗೆ ಬಯಲಲ್ಲಿ ತಿರುಗಾಡಲು ಬರುವ ರಿಟೈರಾದ ಮೇಷ್ಟ್ರು ಒಬ್ಬರಿದ್ದಾರೆ. ಹಕ್ಕಿಗಳ ಹೆಸರು ಗೊತ್ತಿರುವವರು ಅವರೇ. ಅವರು ಅರ್ಜಿ ಬರೆದರು, ನಮ್ಮಂಥವರ ಹೆಬ್ಬೆಟ್ಟು, ಸಹಿ ಎಲ್ಲ ಹಾಕಿಸಿದರು. ನನಗೆ ಸಹಿ ಬರುತ್ತದೆ, ಹಾಕಿದೆ. ಬಸ್ಸು ಹತ್ತಿ ಹೋದ ಆಫೀಸುಗಳಲ್ಲೆಲ್ಲ ಅವರನ್ನು ಕೂರಿಸಿ ಟೀ ಕೊಟ್ಟರಂತೆ. ಊರಿಗೆ ಒಳ್ಳೆಯದಾಗಲಿ ಎಂದೇ ಅಲ್ಲವೇ ಕಟ್ಟುವುದು, ಹಕ್ಕಿಗೆ ಬೇರೆ ಮರ ಇಲ್ಲವೇ ಎಂದರಂತೆ. ಮೇಷ್ಟ್ರು ಪ್ರತಿಸಲ ಬಸ್ಸಿಳಿದು ನನ್ನ ಹತ್ತಿರ ಬಂದು ನಿಲ್ಲುತ್ತಿದ್ದರು. ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಾನು ಏನೂ ಕೇಳದೆ ಮಂಡಕ್ಕಿ ಕಟ್ಟಿ ಕೊಡುತ್ತಿದ್ದೆ.

ನನ್ನ ಪಕ್ಕದಲ್ಲಿ ಹೂ ಮಾರುವವಳೊಬ್ಬಳು ಕೂರುತ್ತಾಳೆ. ಜಡೆ ಊರಿನ ಕಡೆಯವಳು, ಬೆಳಗಿನ ಬಸ್ಸಿಗೆ ಹೂವಿನ ಬುಟ್ಟಿ ಹೊತ್ತು ಬರುತ್ತಾಳೆ. ನನಗಿಂತ ಚಿಕ್ಕವಳು, ನಾಲಿಗೆ ಮಾತ್ರ ನನಗಿಂತ ದೊಡ್ಡದು. ಮರ ಕೊಯ್ಯುವವರು ಸೋಮವಾರ ಬರುತ್ತಾರೆ ಎಂದು ಗೊತ್ತಾದ ದಿನ ಅವಳು ಮಾಲೆ ಕಟ್ಟುತ್ತಾ, ಕತ್ತೆತ್ತದೆ ಹೇಳಿದಳು.

"ಅಲ್ಲ ಅಕ್ಕ, ಮೇಷ್ಟ್ರು ಕಾಗದ ಹಿಡಕಂಡು ಇನ್ನೆಷ್ಟು ದಿನ ತಿರುಗ್ತಾರೆ? ಮರದ ಬುಡಕ್ಕೆ ಒಂದು ಚೌಡಿ ಕೂರ್ಸು. ಆಮೇಲೆ ಯಾವನು ಗರಗಸ ಎತ್ತತಾನೆ ನೋಡ್ವ."

"ಚೌಡೀನ ಎಲ್ಲಿಂದ ತರ್ತಿ? ಅಂಗಡ್ಯಾಗ ಮಾರ್ತಾರೇನು?"

"ಒಂದು ಕಲ್ಲು ಸಾಕು ಮಾರಾಯ್ತಿ. ನಮ್ ಕಡೆ ಚೌಡಿಗೆ ಕಣ್ಣು ಮೂಗು ಯಾರು ಕೇಳ್ತಾರೆ?"

ಅವಳು ಹೇಳಿದ್ದು ನಿಜ. ಈ ಕಡೆ ಚೌಡಿ ಎಂದರೆ ಮರದ ಬುಡದ ಕಲ್ಲು. ಗುಡಿ ಇಲ್ಲ, ಗೋಪುರ ಇಲ್ಲ. ಒಂದಿಷ್ಟು ಅರಿಶಿನ, ಕುಂಕುಮ, ವರ್ಷಕ್ಕೊಂದು ಕಾಯಿಯೋ ಕೋಳಿಯೋ. ಆದರೆ ಅವಳಿರುವ ಮರದ ಕೊಂಬೆ ಮುರಿದವನು ರಕ್ತ ಕಾರುತ್ತಾನೆ ಎಂದು ಎಲ್ಲರೂ ನಂಬುತ್ತಾರೆ. ಪೊಲೀಸರಿಗೆ ಹೆದರದವನೂ ಚೌಡಿಗೆ ಹೆದರುತ್ತಾನೆ.

ನಮ್ಮ ಹಿತ್ತಿಲಲ್ಲಿ ಒರಳಿನ ಗುಂಡು ಬಿದ್ದಿತ್ತು. ಮನೆಗೆ ಮಿಕ್ಸಿ ಬಂದ ಮೇಲೆ ಒರಳು ಕೋಳಿ ನೀರು ಕುಡಿಯುವುದಕ್ಕಾಯಿತು, ಗುಂಡು ಬಚ್ಚಲಿಗೆ ಬಾಗಿಲಾಗಿ ನಿಲ್ಲಿಸಿದ ತಗಡು ಹಾರದಂತೆ ಒತ್ತಿಡುವುದಕ್ಕಾಯಿತು. ನೋಡಲು ಕರ್ರಗೆ, ನುಣ್ಣಗೆ. ನನ್ನ ಮಗ ಚಿಕ್ಕವನಿದ್ದಾಗ ಮೆಟ್ಟಿಲ ಮೇಲೆ ಉರುಳಿಸಿ ಅದರ ಒಂದು ಹೆಗಲು ಚಕ್ಕೆ ಎದ್ದಿತ್ತು. ಆಮೇಲೆ ನನ್ನ ಕೈ ಆಡಿ ಆಡಿ ಆ ಚಕ್ಕೆಯೂ ನುಣುಪಾಗಿ, ಒಂದು ಕಡೆಗೆ ಇಳಿಜಾರಾಗಿತ್ತು. ಅದನ್ನೇ ಸೆರಗಿನಲ್ಲಿ ಕಟ್ಟಿ ಸೊಂಟದ ಮೇಲೆ ಹೊತ್ತು ತಂದೆ. ಕದ್ದುಮುಚ್ಚಿ ಏನಲ್ಲ, ಮಟಮಟ ಮಧ್ಯಾಹ್ನ. ಆ ಬಿಸಿಲಿಗೆ ಬಯಲಲ್ಲಿ ನಾಯಿಯೂ ಇರುವುದಿಲ್ಲ. ದೊಡ್ಡ ಮರದ ಬುಡದಲ್ಲಿ ಕಳೆ ಕಿತ್ತು ಗುಂಡನ್ನು ನಿಲ್ಲಿಸಿದೆವು. ಹೂವಿನವಳು ಅರಿಶಿನ ಕದಡಿ ಸುರಿದಳು, ಹಿಂದಿನ ದಿನ ಉಳಿದ ಹೂ ಹಾಕಿದಳು. ಕೈಮುಗಿಯೋಣವೇ ಎಂದಳು. ನಿನ್ನ ಚಟ್ನಿ ಕಲ್ಲಿಗೆ ಕೈಮುಗಿದುಕೋ ಎಂದೆ. ಇಬ್ಬರೂ ನಕ್ಕೆವು.

ಸಂಜೆ ನೋಡಿದರೆ ಅಲ್ಲಿ ಬೇರೆ ಯಾರೋ ಹಚ್ಚಿದ ಊದಿನಕಡ್ಡಿ ಇತ್ತು. ಆ ಕಲ್ಲು ಎಲ್ಲಿಂದ ಬಂತು ಎಂದು ಒಬ್ಬರೂ ಕೇಳಲಿಲ್ಲ. ಮೊದಲಿಂದಲೂ ಇತ್ತು, ಕಳೆ ಮುಚ್ಚಿತ್ತು ಎಂದು ಅವರವರೇ ಹೇಳಿಕೊಂಡರು. ಒಬ್ಬ ಮುದುಕ ತನ್ನ ಅಜ್ಜ ಅಲ್ಲಿ ಕೋಳಿ ಕೊಟ್ಟದ್ದನ್ನು ಕಂಡಿದ್ದೇನೆ ಎಂದ. ನನಗೆ ನಗು ಬಂತು, ಆದರೆ ನಗಲಿಲ್ಲ.

ಸೋಮವಾರ ಮರ ಕೊಯ್ಯುವವರು ಬಂದರು. ಕಲ್ಲು ನೋಡಿದರು, ಚಪ್ಪಲಿ ಬಿಟ್ಟರು, ಗರಗಸವನ್ನು ಕೆಳಗಿಟ್ಟು ದೂರ ನಿಂತರು. ಗುತ್ತಿಗೆದಾರನ ಕಡೆಯ ಸೂಪರ್‌ವೈಸರ್ ಕೂಗಾಡಿದ. ಹಾಗಾದರೆ ನೀವೇ ಮೊದಲ ಏಟು ಹಾಕಿ ಸಾರ್ ಎಂದರು ಅವರು. ಅವನು ರೋಷದಲ್ಲಿ ಗರಗಸ ಎತ್ತಿಕೊಂಡವನು ಮರದವರೆಗೆ ಹೋಗಿ ನಿಂತ. ನಿಂತೇ ಇದ್ದ. ಆಮೇಲೆ, ಮನೆಯಲ್ಲಿ ಹೆಂಡತಿ ಬಸುರಿ ಇದ್ದಾಳೆ, ಈಗ ಬೇಡ ಎಂದು ಇಳಿಸಿದ. ಹೋಗುವಾಗ ನನ್ನ ಹತ್ತಿರ ಮಂಡಕ್ಕಿ ತಿಂದು ಹೋದ.

ಊರಲ್ಲಿ ಬೇಸರಪಟ್ಟವರು ಮೇಷ್ಟ್ರು ಒಬ್ಬರೇ. ಕಲ್ಲು ಯಾರದು ಎಂದು ಅವರಿಗೆ ಗೊತ್ತಾಗಿತ್ತು, ನಾನೇ ಹೇಳಿದ್ದೆ.

"ಅಮ್ಮ, ಸುಳ್ಳನ್ನ ತಂದು ಒಂದು ಕಡೆ ಕೂರಿಸಬಹುದು. ಅದು ಕೂತಲ್ಲೇ ಕೂರ್ತದೆ ಅಂತ ಯಾರು ಹೇಳಿದ್ರು?"

"ನಿಮ್ಮ ಸತ್ಯದ ಅರ್ಜಿ ಎಲ್ಲಿ ಕೂತೈತಿ, ಅದನ್ನ ಹೇಳ್ರಿ ಮೇಷ್ಟ್ರೇ."

ಆ ಮಳೆಗಾಲ ಹಕ್ಕಿಗಳು ಬಂದವು, ಗೂಡು ಕಟ್ಟಿದವು, ಮರಿ ಮಾಡಿಕೊಂಡು ಹೋದವು. ನಾನು ಗೆದ್ದೆ ಎಂದುಕೊಂಡೆ.

ದೀಪಾವಳಿ ಕಳೆಯುವ ಹೊತ್ತಿಗೆ ಚೌಡಿ ದೊಡ್ಡವಳಾಗಿದ್ದಳು. ಉಳವಿ ಕಡೆಯವರೊಬ್ಬರ ಕಳೆದುಹೋದ ಎಮ್ಮೆ ಹರಕೆ ಹೊತ್ತ ಮೇಲೆ ಸಿಕ್ಕಿತಂತೆ. ಪೇಟೆಯ ಅಡಿಕೆ ಸಾಹುಕಾರನ ಮಗಳಿಗೆ ಬಹಳ ವರ್ಷಕ್ಕೆ ಮದುವೆ ಕೂಡಿತು. ಅವನು ಹರಕೆ ತೀರಿಸಲು ಕಲ್ಲಿನ ಸುತ್ತ ಸಿಮೆಂಟು ಕಟ್ಟೆ ಕಟ್ಟಿಸಿ, ಬಿಳಿ ಟೈಲ್ಸ್ ಹಾಕಿಸಿದ. ನನ್ನ ಗುಂಡಿಗೆ ಬೆಳ್ಳಿ ಕಣ್ಣು ಬಂತು. ಟ್ಯೂಬ್‌ಲೈಟು ಬಂತು. ಸಾಹುಕಾರನೇ ಮುಖ್ಯಸ್ಥನಾಗಿ ಒಂದು ಸಮಿತಿ ಬಂತು. ಹೂವಿನವಳ ವ್ಯಾಪಾರ ಎಷ್ಟು ಚೆನ್ನಾಗಿ ಆಯಿತೆಂದರೆ ಅವಳು ಜಡೆಯಿಂದ ತಂದ ಹೂ ಮಧ್ಯಾಹ್ನಕ್ಕೇ ಖಾಲಿ. ನಮಗೆ ಇದೆಲ್ಲ ತಮಾಷೆಯೇ ಆಗಿತ್ತು. ನಮ್ಮ ಮನೆಯ ಸೊಸೆ ಶುಕ್ರವಾರ ಅಲ್ಲಿಗೆ ಹೋಗಿ ದೀಪ ಹಚ್ಚಿ ಬರುತ್ತಿದ್ದಳು. ಬಚ್ಚಲ ತಗಡಿಗೆ ಈಗ ಏನು ಒತ್ತಿಟ್ಟಿದ್ದೀರಿ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮತ್ತೆ ಮುಂಗಾರು ಬಂತು, ಹಕ್ಕಿಗಳು ಬಂದವು. ಬಿಳಿ ಟೈಲ್ಸ್ ಮೇಲೆ ಹಿಕ್ಕೆ ಬಿತ್ತು. ಬೆಳ್ಳಿ ಕಣ್ಣಿನ ಮೇಲೆ ಬಿತ್ತು. ರೇಷ್ಮೆ ಸೀರೆ ಉಟ್ಟು ಬಂದವರ ನೆತ್ತಿಯ ಮೇಲೆ ಬಿತ್ತು. ಸಾಹುಕಾರ ಕೊಡೆ ಹಿಡಿಸಿದ. ಪಟಾಕಿ ಹೊಡೆಸಿದ. ಹಕ್ಕಿಗಳು ಎದ್ದು ಕೆರೆಯ ಮೇಲೆ ಒಂದು ಸುತ್ತು ಹೊಡೆದು ಮತ್ತೆ ಅಲ್ಲೇ ಬಂದು ಕೂರುತ್ತಿದ್ದವು. ಮೊಟ್ಟೆ ಬಿಟ್ಟು ಎಲ್ಲಿಗೆ ಹೋದಾವು? ಜನ ಗೊಣಗುತ್ತಿದ್ದರು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಗರಗಸದವರೇ ಚಪ್ಪಲಿ ಬಿಟ್ಟು ನಿಂತ ಮರ, ಅದಕ್ಕೆ ಇನ್ನೇನು ಭಯ?

ಆ ಸಮಯಕ್ಕೆ ನಾನು ಶಿಕಾರಿಪುರಕ್ಕೆ ತಮ್ಮನ ಮನೆಗೆ ಹೋಗಿದ್ದೆ. ಮಂಡಕ್ಕಿ ತರುವುದೂ ಇತ್ತು. ನಾಲ್ಕು ದಿನ ಇದ್ದು, ಚೀಲ ಹೊತ್ತುಕೊಂಡು ಬೆಳಗಿನ ಬಸ್ಸಿಗೆ ಬಂದಿಳಿದೆ. ಮನೆಗೆ ಹೋಗಿ ಬುಟ್ಟಿ ತೆಗೆದುಕೊಂಡು ಗೇಟಿನ ಹತ್ತಿರ ಬಂದರೆ ಏನೋ ಬೇರೆ ಅನ್ನಿಸಿತು. ಕೆರೆ ಕಡೆ ಬೆಳಕು ಜಾಸ್ತಿ ಇತ್ತು. ಇಷ್ಟು ವರ್ಷ ಆ ಕಡೆ ಅಷ್ಟು ಆಕಾಶವನ್ನು ನಾನು ಕಂಡಿರಲಿಲ್ಲ. ಆಮೇಲೆ ಗೊತ್ತಾಯಿತು, ದೊಡ್ಡ ಮರಕ್ಕೆ ಕೊಂಬೆಗಳೇ ಇಲ್ಲ. ಬೊಡ್ಡೆ ಮತ್ತು ಮೊಂಡು ಕೈಗಳು. ಹಸಿ ಗಾಯ ಬಿಳಿ ಕಾಣುತ್ತಿತ್ತು.

ಹತ್ತಿರ ಹೋದೆ. ಕೊಂಬೆಗಳನ್ನು ಎಳೆದು ಒಟ್ಟಿದ್ದರು. ಕಡ್ಡಿಯ ಗೂಡುಗಳು ನೆಲದ ಮೇಲೆ ಚಪ್ಪಟೆಯಾಗಿದ್ದವು. ತಿಳಿ ನೀಲಿ ಮೊಟ್ಟೆ ಒಡೆದು ಕೆಸರಿಗೆ ಸೇರಿತ್ತು. ಮರಿಗಳಿಗೆ ಇನ್ನೂ ಗರಿ ಬಲಿತಿರಲಿಲ್ಲ. ಬಹಳಷ್ಟು ಸತ್ತಿದ್ದವು, ಕೆಲವು ಬದುಕಿದ್ದವು. ಬದುಕಿದ್ದವು ಯಾರು ಹತ್ತಿರ ಹೋದರೂ ಬಾಯಿ ತೆರೆಯುತ್ತಿದ್ದವು. ನಾನು ಹೋದರೂ ತೆರೆದವು, ನಾಯಿ ಹೋದರೂ ತೆರೆದವು. ದೊಡ್ಡ ಹಕ್ಕಿಗಳು ಮೇಲೆ ಸುತ್ತುತ್ತಿದ್ದವು, ಇಳಿಯಲು ಜಾಗ ಸಿಗುತ್ತಿರಲಿಲ್ಲ. ಮೇಷ್ಟ್ರು ರಟ್ಟಿನ ಡಬ್ಬ ಹಿಡಿದು ಮರಿಗಳನ್ನು ಆರಿಸುತ್ತಿದ್ದರು. ನನ್ನ ಕಡೆ ನೋಡಲಿಲ್ಲ. ಆ ಡಬ್ಬದಲ್ಲಿದ್ದವೂ ಸಂಜೆಯವರೆಗೆ ಉಳಿಯಲಿಲ್ಲ ಎಂದು ಆಮೇಲೆ ತಿಳಿಯಿತು.

ನಾನು ಹೆಣ ತೊಳೆದವಳು. ಗಂಡನದ್ದು, ಅತ್ತೆಯದ್ದು. ಅವತ್ತು ತಿರುಗಿಸದ ಮುಖವನ್ನು ಅಲ್ಲಿ ತಿರುಗಿಸಿದೆ.

ಗೇಟಿಗೆ ವಾಪಸು ಬಂದರೆ ಹೂವಿನವಳು ಮಾಲೆ ಕಟ್ಟದೆ ಸುಮ್ಮನೆ ಕೂತಿದ್ದಳು. ಅವಳು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಗುತ್ತಿಗೆದಾರ ಬಂದನೇ ಎಂದೆ. ಇಲ್ಲ ಎಂದಳು. ಮತ್ತೆ ಯಾರು ಎಂದೆ. ಅವಳು ಹೇಳಿದ್ದು ಇಷ್ಟು. ತಾಯಿಯ ಮೈ ಮೇಲೆ ಹೊಲಸು ಬೀಳುತ್ತದೆ, ಕೊಂಬೆ ಇಳಿಸಬೇಕು ಎಂದು ಸಮಿತಿಯವರು ಮಾತಾಡಿಕೊಂಡರು. ಚೌಡಿ ಮರಕ್ಕೆ ಕೈ ಹಾಕಲು ಯಾರಿಗೂ ಧೈರ್ಯ ಬರಲಿಲ್ಲ. ಹಾಗಾದರೆ ತಾಯಿಯನ್ನೇ ಕೇಳೋಣ ಎಂದು ಸಾಹುಕಾರ ಹೇಳಿದ. ಶುಕ್ರವಾರ ಎಲ್ಲರೂ ಸೇರಿ ಹೂ ಕೇಳಿದರು.

ಹೂ ಕೇಳುವುದು ಎಂದರೆ, ದೇವರ ನೆತ್ತಿಗೆ ಒದ್ದೆ ಮಾಡಿದ ಎಸಳು ಅಂಟಿಸಿ ಪ್ರಶ್ನೆ ಇಡುವುದು. ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ. ಹೊಲ ಕೊಳ್ಳುವುದಕ್ಕೂ, ಹೆಣ್ಣು ತರುವುದಕ್ಕೂ ಇಲ್ಲಿ ಹೂ ಕೇಳುತ್ತಾರೆ.

"ತಟ್ ಅಂತ ಬಲಕ್ಕೆ ಬಿತ್ತು ಅಕ್ಕ. ಮೂರು ಸರ್ತಿ ಕೇಳಿದ್ರು, ಮೂರು ಸರ್ತಿನೂ ಬಲಕ್ಕೇ. ಹೋದ್ ವರ್ಷ ಚಪ್ಪಲಿ ಬಿಟ್ಟು ಹಿಂದೆ ಸರಿದಿದ್ರಲ್ಲ, ಅವರೇ ಬಂದು ಕೊಯ್ದ್ರು. ಕೈ ಮುಗ್ಕಂಡು ಕೊಯ್ದ್ರು." ಖಾಲಿ ದಾರವನ್ನು ಬೆರಳಿಗೆ ಸುತ್ತುತ್ತಾ ಅವಳು ಮತ್ತೆ ಹೇಳಿದಳು. "ಹೂ ನಂದೇ."

ನನ್ನ ಕಲ್ಲು. ನಾನು ಸೊಂಟದ ಮೇಲೆ ಹೊತ್ತು ತಂದದ್ದು. ಮರ ಉಳಿಸಲಿ ಎಂದು ನಿಲ್ಲಿಸಿದ್ದು. ಅದು ಮರದ ಕೊಂಬೆ ಕಡಿಯಲು ಅಪ್ಪಣೆ ಕೊಟ್ಟಿತು, ಅದೂ ಬಾಣಂತಿ ಕಾಲದಲ್ಲಿ. ಆ ಸೂಪರ್‌ವೈಸರ್ ಆದರೂ ಬಸುರಿ ಹೆಂಡತಿಯ ಮುಖ ನೆನೆದು ಗರಗಸ ಇಳಿಸಿದ್ದ. ಕೈಮುಗಿಯುವವರು ಇಳಿಸಲಿಲ್ಲ.

ಅಷ್ಟಕ್ಕೇ ಮುಗಿದಿರಲಿಲ್ಲ. ಪಕ್ಕದ ಮರಗಳನ್ನೂ ಬರುವ ಶುಕ್ರವಾರದ ಪೂಜೆ ಮುಗಿಸಿ ತೆಗೆಯುತ್ತಾರೆ, ಅಲ್ಲಿ ಮಂಟಪ ಬರುತ್ತದೆ ಎಂದಳು. ಆ ಮರಗಳಲ್ಲಿ ಗೂಡು ತುಂಬಿತ್ತು.

ನಾನು ಬುಟ್ಟಿಯನ್ನು ಅವಳಿಗೆ ಕೊಟ್ಟು ನೆಟ್ಟಗೆ ಸಾಹುಕಾರನ ಅಡಿಕೆ ಮಂಡಿಗೆ ಹೋದೆ. ಅವನ ಆಳುಗಳ ಮುಂದೆಯೇ ಹೇಳಿದೆ. ಅದು ಚೌಡಿ ಅಲ್ಲ, ನನ್ನ ಒರಳಿನ ಗುಂಡು, ನಾನೇ ತಂದಿಟ್ಟದ್ದು, ಬೇಕಾದರೆ ಮನೆಗೆ ಬಂದು ಒರಳು ನೋಡು, ಅದರ ಕುಳಿಗೆ ಸರಿಯಾಗಿ ಕೂರುತ್ತದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಹೊಡೆಸಿದರೂ ಹೊಡೆಸಲಿ ಎಂದುಕೊಂಡಿದ್ದೆ. ಅವನು ಗಾದಿಯಿಂದ ಎದ್ದ. ಎರಡು ಕೈ ಜೋಡಿಸಿದ. ಅವನ ಕಣ್ಣಲ್ಲಿ ನೀರು ಬಂತು.

"ಅಜ್ಜಿ, ಇಷ್ಟು ವರ್ಷ ತಾಯಿ ನಿಮ್ಮನೇಲಿ ಅನ್ನ ಮಾಡ್ಕಂಡು ಇದ್ಲು ಅನ್ನು. ಹೊರಗೆ ಬರೋಕೆ ನಿನ್ ಸೊಂಟಾನೇ ಬೇಕಾತು ನೋಡು ಅವಳಿಗೆ."

"ಅದು ಕಲ್ಲಪ್ಪಾ. ಅದರಿಂದ ನಾ ಚಟ್ನಿ ಅರದೀನಿ."

"ಎಲ್ಲಾ ದೇವರೂ ಮೊದಲು ಕಲ್ಲೇ ಅಲ್ವೇನಜ್ಜಿ?" ಎಂದ ಅವನು.

ಸತ್ಯ ಹೇಳಿದರೆ ಹೀಗೂ ಆಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಹಬ್ಬಿತು. ಸುಳ್ಳು ಬಯಲಾಯಿತು ಎಂದಲ್ಲ, ಚೌಡಿಯ ತವರು ಮಂಡಕ್ಕಿ ಅಜ್ಜಿಯ ಮನೆ ಎಂದು. ಹೆಂಗಸರು ನಮ್ಮ ಹಿತ್ತಿಲಿಗೆ ಬಂದು ಕೋಳಿ ನೀರು ಕುಡಿಯುವ ಒರಳಿಗೆ ಕುಂಕುಮ ಹಚ್ಚಿ ಹೋದರು. ಸೊಸೆಯ ಮುಖ ಬಿಳಿಚಿಕೊಂಡಿತ್ತು.

"ಅತ್ತೆ, ಬಚ್ಚಲಿಗೆ ಹೋಗೋವಾಗ ಬರೋವಾಗ ನಾನು ಅದನ್ನ ಕಾಲಲ್ಲಿ ಸರಿಸೀನಿ. ಒಂದು ಮಾತು ಮೊದಲೇ ಹೇಳಬಾರದಿತ್ತಾ?"

ಕಲ್ಲಿಗೆ ನೋವಾಗಿಲ್ಲ ಬಿಡು ಎಂದೆ. ಅವಳು ಆ ರಾತ್ರಿ ಊಟ ಮಾಡಲಿಲ್ಲ.

ಮಾರನೆಯ ದಿನ ನಾನು ಕಟ್ಟೆಯ ಹತ್ತಿರ ಹೋಗಿ ಕೂತು ಗುಂಡನ್ನು ನೋಡಿದೆ. ಬೆಳ್ಳಿ ಕಣ್ಣು ನನ್ನನ್ನು ನೋಡುತ್ತಿತ್ತು. ಹೂವು, ಕುಂಕುಮ, ಎಣ್ಣೆ ಎಲ್ಲದರ ಕೆಳಗೆ ನನ್ನ ಕೈಗೆ ಗೊತ್ತಿರುವ ಮೈ ಇತ್ತು. ಆಗ ಕಂಡಿತು. ಸಿಮೆಂಟು ಹಾಕುವಾಗ ಚಕ್ಕೆ ಎದ್ದ ಹೆಗಲನ್ನು ಬಲಗಡೆಗೆ ಕೂರಿಸಿದ್ದಾರೆ. ನೆತ್ತಿಯಿಂದ ಆ ಕಡೆಗೆ ಇಳಿಜಾರು. ಅಲ್ಲಿ ಏನು ಅಂಟಿಸಿದರೂ ಜಾರುವುದು ಬಲಕ್ಕೇ. ಮರ ಕಡಿಯಲೇ ಎಂದರೂ ಹೂಂ, ಬೇಡವೇ ಎಂದರೂ ಹೂಂ. ಸಾಹುಕಾರ ತನ್ನ ಮನೆಗೆ ಬೆಂಕಿ ಇಡಲೇ ಎಂದು ಕೇಳಿದ್ದರೂ ಅದು ಹೂಂ ಎನ್ನುತ್ತಿತ್ತು.

ಆ ಮರಿಗಳು ಸತ್ತದ್ದು ನನ್ನ ಮಗ ಯಾವ ಕಾಲದಲ್ಲೋ ಎಬ್ಬಿಸಿದ ಒಂದು ಚಕ್ಕೆಯಿಂದ.

ಹೂವಿನವಳಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, ಹಾಗಾದರೆ ಕಿತ್ತು ಮನೆಗೆ ಒಯ್ಯಿ ಎಂದಳು. ಒಯ್ದರೆ? ಫ್ಲೆ‌ಕ್ಸ್ ಇನ್ನೂ ಗೇಟಿನಲ್ಲೇ ಇತ್ತು. ಚೌಡಿ ಹೋದ ಮಾರನೆಯ ದಿನವೇ ಗುತ್ತಿಗೆದಾರ ಬರುತ್ತಾನೆ. ಇಟ್ಟರೆ ಭಕ್ತರು ಕಡಿಯುತ್ತಾರೆ, ತೆಗೆದರೆ ಅವನು ಕಡಿಯುತ್ತಾನೆ. ಇಬ್ಬರೂ ಅಲ್ಲಿಯೇ ಕೂತೆವು. ಗೇಟಿನ ಕಡೆ ನೋಡಿದಾಗ ನನ್ನ ಖಾಲಿ ಜಾಗ ಕಂಡಿತು. ಲಾರಿ ಒಳಗೆ ಬರಬೇಕಾದರೆ ಅಲ್ಲಿಂದಲೇ ಬರಬೇಕು.

ಶುಕ್ರವಾರ ಸಮಿತಿಯವರು, ಊರಿನವರು, ಗರಗಸದವರು ಎಲ್ಲ ಸೇರಿದ್ದರು. ನಾನು ಮುಂದೆ ಹೋಗಿ ನಿಂತೆ. ಸಾಹುಕಾರ ದಾರಿ ಬಿಡಿಸಿದ, ಚೌಡಿಯ ತವರಿನವಳಲ್ಲವೇ. ತಾಯಿಗೆ ಇಲ್ಲಿ ಇರಲು ಮನಸ್ಸಿಲ್ಲ ಎಂದೆ. ಮೇಲಿಂದ ಹೊಲಸು, ರಸ್ತೆಗೆ ಕಾಣುವುದಿಲ್ಲ, ಬಸ್ಸಿನಲ್ಲಿ ಹೋಗುವವರು ಕೈಮುಗಿಯುವಂತಿಲ್ಲ. ಗೇಟಿನ ನಡುವೆ, ರಸ್ತೆಗೆ ಮುಖ ಮಾಡಿ ಕೂರಿಸಿ, ಮಂಟಪ ಅಲ್ಲೇ ಕಟ್ಟಿಸಿ. ಬಸ್ಸು ಎಂದ ಕೂಡಲೇ ಸಾಹುಕಾರನ ಮುಖ ಅರಳಿತು. ಆದರೂ ಕೂತ ದೇವರನ್ನು ಎಬ್ಬಿಸಬಾರದು ಎಂದು ಹಿಂದಿನಿಂದ ಯಾರೋ ಹೇಳಿದರು. ನಾನು ಹೂ ಕೇಳಿ ಎಂದೆ.

ಎಸಳು ಅಂಟಿಸಿದರು. ಬಲಕ್ಕೇ ಬೀಳುತ್ತದೆ ಎಂದು ಆ ಬಯಲಿನಲ್ಲಿ ಗೊತ್ತಿದ್ದವರು ನಾವಿಬ್ಬರೇ. ಆದರೂ ನಾನು ಎಸಳಿನಿಂದ ಕಣ್ಣು ತೆಗೆಯಲಿಲ್ಲ. ಬಿತ್ತು. ಬಲಕ್ಕೆ.

ಕಟ್ಟೆ ಒಡೆಯಲು ಹಾರೆ ತಂದರು. ಸಿಮೆಂಟು ಬಿಚ್ಚಿದ ಮೇಲೆ ಕಲ್ಲನ್ನು ಮುಟ್ಟಲು ಒಬ್ಬರೂ ಮುಂದೆ ಬರಲಿಲ್ಲ. ತಂದವಳೇ ಒಯ್ಯಲಿ ಎಂದರು. ನಾನು ಬೆಳ್ಳಿ ಕಣ್ಣು ಬಿಡಿಸಿ ಇಟ್ಟುಕೊಂಡು, ಅದನ್ನು ಸೆರಗಿಗೆ ಕಟ್ಟಿ ಸೊಂಟಕ್ಕೇರಿಸಿದೆ. ಒಂದು ವರ್ಷದಲ್ಲಿ ಅದು ಭಾರವಾಗಿತ್ತು, ಅಥವಾ ನಾನು ಹಗುರವಾಗಿದ್ದೆ. ಹಿಂದೆ ಡೊಳ್ಳು ಬಡಿದರು. ಗೇಟಿನ ನಡುವೆ ಕುಳಿ ತೋಡಿದ್ದರು. ಕೂರಿಸುವಾಗ ನಾನು ಚಕ್ಕೆಯ ಹೆಗಲನ್ನು ಎಡಕ್ಕೆ ತಿರುಗಿಸಿ, ಕಣ್ಣನ್ನು ರಸ್ತೆಯ ಕಡೆಗೆ ಅಂಟಿಸಿದೆ. ಜನ ಡೊಳ್ಳಿನ ಕಡೆ ನೋಡುತ್ತಿದ್ದರು. ಹೂವಿನವಳು ಮಾತ್ರ ನನ್ನ ಕೈ ನೋಡುತ್ತಿದ್ದಳು.

ಮರಗಳು ಉಳಿದವು, ಚೌಡಿಯ ಮೇಲೆ ಲಾರಿ ಹತ್ತಿಸುವ ಧೈರ್ಯ ಯಾರಿಗಿದೆ? ಆ ಸಲದ ಮರಿಗಳು ಹಾರಿ ಹೋಗುವವರೆಗೆ ನಾನು ದಿನಾ ಒಂದು ಸಲ ಅಲ್ಲಿಗೆ ಹೋಗಿ ಬರುತ್ತಿದ್ದೆ. ಗೇಟಿನ ನನ್ನ ಜಾಗ ಹೋಯಿತು. ಈಗ ಚರಂಡಿಯ ಆಚೆ ಕೂರುತ್ತೇನೆ, ಅಲ್ಲಿ ನೆರಳಿಲ್ಲ. ವ್ಯಾಪಾರಕ್ಕಾಗಿ ದೇವರನ್ನು ಬಾಗಿಲಿಗೆ ತಂದಳು ಎಂದವರೂ ಇದ್ದಾರೆ. ಚೌಡಿಯ ಗುಣವೂ ಬದಲಾಯಿತು. ಏನು ಕೇಳಿದರೂ ಬೇಡ ಎನ್ನುತ್ತಾಳೆ. ಅಂಗಡಿ ಹಾಕಲೇ, ಬೇಡ. ಹೊಲ ಕೊಳ್ಳಲೇ, ಬೇಡ. ಹೊಸ ಫ್ರಿಜ್ಜಿಗೆ ಕೇಳಲು ಹೋದ ನಮ್ಮ ಸೊಸೆಗೂ ಬೇಡ. ಒಂದು ವಾರ ನನ್ನ ಮೇಲೆ ಮುನಿದಿದ್ದಳು. ಜಾಗ ಬದಲಿಸಿದ್ದಕ್ಕೆ ತಾಯಿಗೆ ಸಿಟ್ಟು ಎಂದು ಜನ ಹೆದರಿದರು. ಬರುವವರು ಕಡಿಮೆಯಾದರು, ಹೆದರುವವರು ಜಾಸ್ತಿಯಾದರು. ಸಾಹುಕಾರ ಮಂಟಪದ ಮಾತೆತ್ತುವುದಿಲ್ಲ. ಅದಕ್ಕೂ ಅವನು ಹೂ ಕೇಳಿದ್ದ. ಮೇಷ್ಟ್ರು ಬೆಳಗ್ಗೆ ಕಲ್ಲನ್ನು ಬಳಸಿಕೊಂಡು ಒಳಗೆ ಹೋಗುತ್ತಾರೆ. ಅವರು ಇನ್ನೂ ಅರ್ಜಿ ಬರೆಯುತ್ತಿದ್ದಾರೆ, ನಾನು ಇನ್ನೂ ಸಹಿ ಹಾಕುತ್ತಿದ್ದೇನೆ.

ಈ ಬೇಸಿಗೆ ಮುಗಿಯುವ ಹೊತ್ತಿಗೆ ಆ ಸೂಪರ್‌ವೈಸರ್ ಮತ್ತೆ ಬಂದ. ಗರಗಸ ತಂದಿರಲಿಲ್ಲ. ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಕೈಯಲ್ಲಿ ಹಣ್ಣುಕಾಯಿ ತಟ್ಟೆ ಹಿಡಿದು ಬಂದಿದ್ದ. ಹೆಂಡತಿಯೂ ಬಂದಿದ್ದಳು, ಕಂಕುಳಲ್ಲಿ ಕೂಸು. ಹೂವಿನವಳು ಎದ್ದು ಬಂದು ನನ್ನ ಕಿವಿಯಲ್ಲಿ ಹೇಳಿದಳು: ಕೆಲಸ ಶುರು ಮಾಡಬೇಕಂತೆ, ತಾಯಿಯನ್ನು ಒಂದು ಬದಿಗೆ ಸರಿಸಲು ಅಪ್ಪಣೆ ಕೇಳುತ್ತಾನಂತೆ, ಒಪ್ಪಿದರೆ ಮಳೆಗೆ ಮೊದಲೇ ಮರ ಇಳಿಸುತ್ತಾರಂತೆ.

ಅವನು ಎಸಳನ್ನು ಒದ್ದೆ ಮಾಡಿ ನೆತ್ತಿಗೆ ಅಂಟಿಸಿದ. ಕೈಮುಗಿದು ನಿಂತ. ನಾನು ಚರಂಡಿಯ ಆಚೆಯಿಂದ ನೋಡುತ್ತಿದ್ದೆ. ನನಗೆ ಭಯ ಇರಲಿಲ್ಲ, ಎಡಕ್ಕೇ ಬೀಳುತ್ತದೆ ಎಂದು ಗೊತ್ತಿತ್ತು. ಆದರೆ ಕೆರೆ ಕಡೆಯಿಂದ ಗಾಳಿ ಎದ್ದಿತು, ಮಳೆ ತರುವ ಗಾಳಿ. ಎಸಳು ಅಲ್ಲಾಡಿತು. ಬಲಕ್ಕೆ ಒಂದಿಷ್ಟು ಸರಿಯಿತು. ಅಲ್ಲೇ ನಿಂತಿತು. ಬೀಳಲಿಲ್ಲ, ಬಿಡಲಿಲ್ಲ.

ಬೇಡ ಅನ್ನೇ ತಾಯಿ ಎಂದು ಬಾಯಿಂದ ಬಂದುಬಿಟ್ಟಿತು.

ಹೂವಿನವಳು ತಿರುಗಿ ನನ್ನ ಮುಖ ನೋಡಿದಳು. ನನ್ನ ಎರಡು ಕೈ ಜೋಡಿಕೊಂಡಿದ್ದವು. ಯಾವಾಗ ಜೋಡಿಕೊಂಡವೋ ನನಗೆ ಗೊತ್ತಿಲ್ಲ. ಅಕ್ಕಿ ರುಬ್ಬಿದ ಕಲ್ಲಿಗೆ, ಬಚ್ಚಲ ತಗಡು ಒತ್ತುವ ಕಲ್ಲಿಗೆ, ನಾನೇ ತಿರುಗಿಸಿ ಕೂರಿಸಿದ ಕಲ್ಲಿಗೆ.

ಗಾಳಿ ನಿಂತಿತು. ಎಸಳು ನೆತ್ತಿಯ ಮೇಲೆ ಹಿಂದಕ್ಕೆ ಜಾರಿ ಎಡಕ್ಕೆ ಬಿತ್ತು.

ಅವನು ಮತ್ತೆ ಕೇಳಲಿಲ್ಲ. ಕಾಯಿ ಒಡೆದು, ಕೂಸಿನ ಹಣೆಗೆ ಕುಂಕುಮ ಹಚ್ಚಿ, ನನ್ನ ಹತ್ತಿರ ಬಂದು ಮಂಡಕ್ಕಿ ಕೊಡಿ ಅಜ್ಜಿ ಎಂದ. ಕೊಟ್ಟೆ. ನನ್ನ ಕಣ್ಣು ಇನ್ನೂ ಆ ಕಲ್ಲಿನ ಮೇಲಿತ್ತು, ಮಂಡಕ್ಕಿ ಅರ್ಧ ಚರಂಡಿಗೆ ಚೆಲ್ಲಿತು.